ಅಂಗಡಿಯವರ ಕೈಗೆ ಕರಣೆ ಕೊಟ್ಟ ಕಮಲಾದೇವಿ

ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಇಂಗ್ಲಿಷ್ ಬಾಂಡ್‌ಗೂ ಫ್ಲೆಮಿಷ್ ಬಾಂಡ್‌ಗೂ ಇರುವ ವ್ಯತ್ಯಾಸವನ್ನು ಚಿತ್ರ ಸಮೇತ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡವನು. ಆದರೆ ಜೀವನದಲ್ಲಿ ಮೊದಲ ಸಲ ಕರಣೆ ಹಿಡಿದದ್ದು ಹೋದ ತಿಂಗಳು ಒಂದು ಭಾನುವಾರ. ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಒಂದು ಸಂಸ್ಥೆ ಸ್ವಯಂಸೇವಕರು ಬೇಕು ಎಂದಿತ್ತು. ನಾವು ಹನ್ನೆರಡು ಜನ ಚಾಮರಾಜಪೇಟೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು, ಊರಾಚೆಗಿನ ಆ ಸೈಟಿಗೆ ಎಂಟಕ್ಕೆ ತಲುಪಿದೆವು. ಎಲ್ಲರಿಗೂ ಒಂದೊಂದು ಟೀ ಶರ್ಟ್, ಒಂದೊಂದು ಹೆಲ್ಮೆಟ್, ಅರ್ಧ ಗಂಟೆ ತರಬೇತಿ.

ಮೇಸ್ತ್ರಿ ತೋರಿಸಿದ್ದು ಬಹಳ ಸರಳ. ಇಟ್ಟಿಗೆಯನ್ನು ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಎರಡೂ ಮೂಲೆಗೆ ದಾರ ಕಟ್ಟಿ, ದಾರದ ಗುಂಟ ಇಟ್ಟಿಗೆ ಇಡಬೇಕು. ಕೆಳಗಿನ ವರಸೆಯ ಸಂದಿಯ ಮೇಲೆಯೇ ಮೇಲಿನ ಸಂದಿ ಬರಬಾರದು. ನಾಲ್ಕು ವರಸೆಗೊಮ್ಮೆ ಗುಂಡು ಇಳಿಬಿಟ್ಟು ನೋಡಬೇಕು, ಆಗಾಗ ರಸಮಟ್ಟ ಇಡಬೇಕು. ಇದೆಲ್ಲವೂ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ. ಕೈಗೆ ಏನೇನೂ ಗೊತ್ತಿರಲಿಲ್ಲ. ಆರನೇ ವರಸೆಗೆ ಬರುವಷ್ಟರಲ್ಲಿ ನನ್ನ ಗೋಡೆ ಒಂದು ಬೆರಳಿನಷ್ಟು ಹೊರಗೆ ಬಾಗಿತ್ತು. ಮೇಸ್ತ್ರಿ ಬೈಯಲಿಲ್ಲ. ನಾವು ಊಟಕ್ಕೆ ಹೋದಾಗ ಸುಮ್ಮನೆ ಕರಣೆಯ ಹಿಡಿಯಿಂದ ತಟ್ಟಿ ತಟ್ಟಿ ಮೂರು ವರಸೆ ಬಿಚ್ಚಿ ತಾನೇ ಮತ್ತೆ ಕಟ್ಟಿದ. ನಾನು ಅದನ್ನು ನೋಡಿಬಿಟ್ಟೆ. ಆ ಮನೆಗೆ ಬರಬೇಕಾದ ತಾಯಿಯೂ ನೋಡಿದರು. ಅಷ್ಟೊತ್ತಿಗೆ ನಮ್ಮ ಫೋಟೊಗಳು ಸ್ಟೇಟಸ್‌ಗೆ ಹೋಗಿಯಾಗಿತ್ತು.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕೆಲಸ ಗೊತ್ತಿಲ್ಲದ ಕೈಗಳು ಇನ್ನೊಬ್ಬರ ಮನೆ ಕಟ್ಟಬಹುದೇ? ಅರ್ಧ ಗಂಟೆಯಲ್ಲಿ ಕಲಿಸಲು ಆಗುತ್ತದೆಯೇ? ಹಾಗೆ ಕಲಿಸಿ ನಿಜಕ್ಕೂ ಮನೆ ಕಟ್ಟಿಸಿದವರು ಯಾರಾದರೂ ಇದ್ದಾರೆಯೇ?

ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆಯಲ್ಲ, ಅಲ್ಲಿನ ಗ್ರಂಥಾಲಯಕ್ಕೆ ನಾನು ಓದಲು ಹೋಗುತ್ತೇನೆ. ಪರೀಕ್ಷೆಗೆ ತಯಾರಾಗುವ ಅರ್ಧ ಬಸವನಗುಡಿ ಅಲ್ಲಿರುತ್ತದೆ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾನು ಎಣಿಸದೇ ಇದ್ದ ಹೆಸರು, ಕಮಲಾದೇವಿ ಚಟ್ಟೋಪಾಧ್ಯಾಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಅವರು ಒಂದು ಅಂಕದ ಪ್ರಶ್ನೆ. ಕರಕುಶಲ ಕಲೆ, 1966ರ ಮ್ಯಾಗ್ಸೆಸೆ ಪ್ರಶಸ್ತಿ, ಅಷ್ಟೇ. ನಾನೂ ಅಷ್ಟೇ ಬಲ್ಲೆ. ಹೆಸರು ನೋಡಿ ಬಂಗಾಳಿ ಎಂದುಕೊಂಡಿದ್ದೆ ಬೇರೆ. ಅವರು ನಮ್ಮ ಮಂಗಳೂರಿನವರು.

1903ರ ಏಪ್ರಿಲ್ 3ರಂದು ಮಂಗಳೂರಿನ ಒಂದು ಸಾರಸ್ವತ ಕುಟುಂಬದಲ್ಲಿ ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರ್, ಸರ್ಕಾರದ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿದವರು, ಸಂಗೀತ ಬಲ್ಲವರು. ಮನೆಗೆ ಸಮಾಜ ಸುಧಾರಕರು, ರಾಷ್ಟ್ರೀಯ ನಾಯಕರು ಬಂದುಹೋಗುತ್ತಿದ್ದರು. ಹುಡುಗಿಗೆ ಏಳು ವರ್ಷವಾದಾಗ ತಂದೆ ಹೋದರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಆಕೆ ಅದನ್ನು ಬೇಡವೆಂದರು. ತಮ್ಮ ಸ್ತ್ರೀಧನದಲ್ಲೇ ಮಗಳನ್ನು ಸಾಕಿದರು. ಕಮಲಾದೇವಿಯ ಅಕ್ಕ ಸಗುಣಾ ಕೂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು.

ಈ ಜಾಗದಲ್ಲಿ ನಾನು ಸ್ವಲ್ಪ ನಿಂತೆ. ಇದ್ದ ಮನೆ ಒಂದೇ ದಿನದಲ್ಲಿ ತಮ್ಮದಲ್ಲ ಎನ್ನಿಸಿಕೊಳ್ಳುವುದು ಎಂದರೇನು ಎಂಬುದು ಆ ಹುಡುಗಿಗೆ ಏಳನೇ ವಯಸ್ಸಿಗೇ ಗೊತ್ತಾಗಿತ್ತು. ಬಿಟ್ಟಿ ಬರುವ ಹಣಕ್ಕೆ ಕೈಚಾಚದೆ ಬದುಕಬಹುದು ಎಂಬುದನ್ನೂ ತಾಯಿ ಅದೇ ವಯಸ್ಸಿನಲ್ಲಿ ತೋರಿಸಿದ್ದರು. ನಲವತ್ತು ವರ್ಷದ ನಂತರ ನಿರಾಶ್ರಿತರ ಡೇರೆಗಳ ನಡುವೆ ಅವರು ಮಾಡಿದ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆ ಎಂದೇ ನನಗನ್ನಿಸುತ್ತದೆ. ಇದು ನನ್ನ ಊಹೆ.

ಹದಿನಾಲ್ಕನೇ ವಯಸ್ಸಿಗೆ, 1917ರಲ್ಲಿ, ಮದುವೆ. ಗಂಡ ಕೃಷ್ಣರಾವ್. ಎರಡು ವರ್ಷದಲ್ಲಿ ವಿಧವೆ. ಆ ಕಾಲದ ಎಷ್ಟೋ ಹುಡುಗಿಯರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಮಲಾದೇವಿ ಮದರಾಸಿಗೆ ಓದಲು ಹೋದರು, ಕ್ವೀನ್ ಮೇರಿಸ್ ಕಾಲೇಜಿಗೆ. ಅಲ್ಲಿ ಸಹಪಾಠಿಯಾಗಿ ಸಿಕ್ಕವರು ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ. ಆಕೆಯ ಅಣ್ಣ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಜೊತೆ ಮದುವೆಯಾಯಿತು. ವಿಧವೆಯ ಮದುವೆ, ಜಾತಿ ಬೇರೆ, ಭಾಷೆ ಬೇರೆ. ಊರು ಏನಂದಿರಬಹುದು ಎಂದು ನಾನು ಬರೆಯಬೇಕಾಗಿಲ್ಲ. ಮಗ ರಾಮಕೃಷ್ಣ ಹುಟ್ಟಿದ. ಮುಂದೆ ಆ ದಾಂಪತ್ಯ ಉಳಿಯಲಿಲ್ಲ, ವಿಚ್ಛೇದನಕ್ಕೆ ಕೋರ್ಟಿಗೆ ಹೋಗುವ ಧೈರ್ಯವನ್ನೂ ಆಕೆ ತೋರಿಸಿದರು.

ಗಂಡ ಹೆಂಡತಿ ಲಂಡನ್ನಿಗೆ ಹೋಗಿದ್ದರು. ಕಮಲಾದೇವಿ ಅಲ್ಲಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಸುದ್ದಿ ತಲುಪಿತು. 1923ರಲ್ಲಿ ಹಿಂತಿರುಗಿ ಸೇವಾದಳ ಸೇರಿದರು.

ಸೇವಾದಳ ಎಂದರೆ ಈಗ ನಮಗೆ ಬಿಳಿ ಟೋಪಿ, ಗಣರಾಜ್ಯೋತ್ಸವದ ಪರೇಡು ನೆನಪಾಗುತ್ತದೆ. ಆದರೆ ಅದರ ಮೂಲ ನಮ್ಮ ಹುಬ್ಬಳ್ಳಿ. ಡಾ. ನಾ.ಸು. ಹರ್ಡೀಕರ್ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಉದ್ದೇಶವೇ ಸ್ವಯಂಸೇವಕರನ್ನು ತಯಾರು ಮಾಡುವುದು. ಉತ್ಸಾಹ ಇದ್ದವರೆಲ್ಲ ಬನ್ನಿ ಎಂದು ಕರೆದರೆ ಸಾಲದು, ಬಂದವರಿಗೆ ಏನು ಮಾಡಬೇಕು ಎಂದು ಕಲಿಸಬೇಕು, ಶಿಸ್ತು ಕೊಡಬೇಕು ಎಂಬುದು ಹರ್ಡೀಕರರ ಹಟ. ಮಹಿಳಾ ವಿಭಾಗದ ಹೊಣೆ ಕಮಲಾದೇವಿಗೆ ಬಂತು. ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಕರೆತರುವುದು, ಶಿಬಿರ ನಡೆಸುವುದು, ತರಬೇತಿ ಕೊಡುವುದು ಅವರ ಕೆಲಸ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಬಯಲಿನಲ್ಲಿ ಒಂದು ತಾತ್ಕಾಲಿಕ ಊರನ್ನೇ ಕಟ್ಟಬೇಕಾಯಿತು. ನೀರಿಗೆ ಬಾವಿ ತೋಡಿದರು, ಅದಕ್ಕೆ ಪಂಪಾ ಸರೋವರ ಎಂದು ಹೆಸರು. ಕಾಂಗ್ರೆಸ್ ಬಾವಿ ಎಂದು ಅದು ಈಗಲೂ ಬೆಳಗಾವಿಯಲ್ಲಿದೆ. ಆ ಊರನ್ನು ನಡೆಸಿದವರು ಸ್ವಯಂಸೇವಕರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರಂಥವರ ಜೊತೆ ಕಮಲಾದೇವಿಯ ಮಹಿಳಾ ದಳವೂ ಅಲ್ಲಿತ್ತು. ಕಮಲಾದೇವಿಗೆ ಆಗ ಇಪ್ಪತ್ತೊಂದು ವರ್ಷ. ನನಗೆ ಈಗ ಇಪ್ಪತ್ತು. ಹೋಲಿಕೆ ಬೇಡ, ಮುಂದೆ ಹೋಗೋಣ.

1926ರಲ್ಲಿ ಮದರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ಹೆಂಗಸರು ಚುನಾವಣೆಗೆ ನಿಲ್ಲುವುದೇ ಸುದ್ದಿಯಾಗುತ್ತಿದ್ದ ಕಾಲ. ಐವತ್ತೈದು ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಬೇಕೆಂದು ಗಾಂಧೀಜಿಯ ಬಳಿಗೇ ಹೋಗಿ ವಾದಿಸಿದರು. ಬಾಂಬೆಯಲ್ಲಿ ಉಪ್ಪು ತಯಾರಿಸಿ, ಷೇರುಪೇಟೆಯ ಒಳಗೆ ನುಗ್ಗಿ ಮಾರಲು ಹೋಗಿ ಜೈಲು ಸೇರಿದರು. ಮತ್ತೆ ಮತ್ತೆ ಜೈಲು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆ. ಇದರ ನಡುವೆ ಒಂದು ತಮಾಷೆಯ ವಿಷಯ. ಮೋಹನ್ ಭವನಾನಿ 1931ರಲ್ಲಿ ತೆಗೆದ ಮೃಚ್ಛಕಟಿಕ ಮೂಕಿ ಚಿತ್ರದಲ್ಲಿ ಕಮಲಾದೇವಿ ನಟಿಸಿದ್ದರು. ಅದೇ ಚಿತ್ರದಲ್ಲಿ ನಮ್ಮ ಟಿ.ಪಿ. ಕೈಲಾಸಂ ಕೂಡ ಇದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದಿಲ್ಲ ಎನ್ನುತ್ತಿದ್ದ ದಿನಗಳವು.

ಸ್ವಾತಂತ್ರ್ಯ ಬಂತು. ಜೊತೆಗೆ ಜೈಲಿಗೆ ಹೋದ ಎಷ್ಟೋ ಮಂದಿ ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿ ಯಾವ ಅಧಿಕಾರದ ಕುರ್ಚಿಗೂ ಹೋಗದೆ ನಿರಾಶ್ರಿತರ ಶಿಬಿರಗಳಿಗೆ ಹೋದರು. ನಾನು ಈ ಲೇಖನ ಬರೆಯಲು ಕೂತದ್ದೇ ಇಲ್ಲಿಂದ ಮುಂದಿನ ಮೂರು ನಾಲ್ಕು ವರ್ಷಗಳಿಗಾಗಿ.

ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದಿಂದ, ಅಂದರೆ ಪೆಶಾವರ, ಬನ್ನು, ಡೇರಾ ಇಸ್ಮಾಯಿಲ್ ಖಾನ್ ಕಡೆಯಿಂದ, ಹಿಂದೂ ಮತ್ತು ಸಿಖ್ ಕುಟುಂಬಗಳು ಸಾವಿರಗಟ್ಟಲೆ ಬಂದವು. ಉಡುಪು ಪಠಾಣರದ್ದು. ಅವರಲ್ಲಿ ಬಾದಶಾ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿದ್ದವರೂ ಇದ್ದರು. ಬಹುತೇಕರು ಅಂಗಡಿ ಇಟ್ಟವರು, ವ್ಯಾಪಾರಿಗಳು, ಲೇವಾದೇವಿ ಮಾಡಿದವರು. ಶಿಬಿರದಲ್ಲಿ ಡೇರೆ, ಪುಕ್ಕಟೆ ರೇಷನ್, ಸ್ವಲ್ಪ ಭತ್ಯೆ. ಒಂದು ವರ್ಷ, ಎರಡು ವರ್ಷ. ಕೆಲಸವಿಲ್ಲದೆ ಮನೆಯಲ್ಲಿ ಕೂತವರಿಗೆ ಗೊತ್ತು, ಊಟ ಸಿಕ್ಕಿದರೂ ದಿನ ಕಳೆಯುವುದಿಲ್ಲ. ಈ ಪುಟ ಓದುವ ಕೆಲವರಿಗಾದರೂ ಅದು ಗೊತ್ತಿರುತ್ತದೆ.

ಕಮಲಾದೇವಿ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ನಿರಾಶ್ರಿತರಿಗೆ ದಾನ ಹಂಚುವುದರ ಬದಲು ಅವರನ್ನೇ ಸಹಕಾರ ಸಂಘಗಳಾಗಿ ಕೂಡಿಸಿ ಕೆಲಸಕ್ಕೆ ಹಚ್ಚಬೇಕು ಎಂಬುದು ಅದರ ನಂಬಿಕೆ. ಮೊದಲು ದೆಹಲಿಯ ಮೆಹ್ರೌಲಿ ಹತ್ತಿರ ಛತ್ತರ್‌ಪುರದಲ್ಲಿ ಬೇಸಾಯದ ಸಹಕಾರ ಸಂಘ ಮಾಡಿದರು. ಜೊತೆಗಿದ್ದವರಲ್ಲಿ ಎಲ್.ಸಿ. ಜೈನ್ ಎಂಬ ಇಪ್ಪತ್ತರ ಹರೆಯದ ತರುಣ ಒಬ್ಬರು. ಮುಂದೆ ಅವರೂ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದರು. ಫರೀದಾಬಾದಿನ ಕಥೆಯನ್ನು 1998ರಲ್ಲಿ ಒಂದು ಪುಸ್ತಕವಾಗಿ ಬರೆದವರೂ ಅವರೇ.

1949ರಲ್ಲಿ ಗಡಿ ಪ್ರಾಂತ್ಯದ ಈ ಜನರಿಗಾಗಿ ದೆಹಲಿಯ ದಕ್ಷಿಣಕ್ಕೆ ಫರೀದಾಬಾದಿನಲ್ಲಿ ಹೊಸ ಊರು ಕಟ್ಟುವ ತೀರ್ಮಾನವಾಯಿತು. ಫರೀದಾಬಾದ್ ಡೆವಲಪ್‌ಮೆಂಟ್ ಬೋರ್ಡ್ ಎಂದು ಒಂದು ಮಂಡಳಿ ಮಾಡಿದರು. ಅಧ್ಯಕ್ಷರು ರಾಜೇಂದ್ರ ಪ್ರಸಾದ್. ಸದಸ್ಯರಲ್ಲಿ ಕಮಲಾದೇವಿ ಒಬ್ಬರು. ಪ್ರಧಾನಿ ನೆಹರೂ ಸಭೆಗಳಿಗೆ ತಪ್ಪದೆ ಬಂದು ಕೂರುತ್ತಿದ್ದರು. ಆಡಳಿತದ ಹೊಣೆ ಸುಧೀರ್ ಘೋಷ್ ಅವರಿಗೆ.

ಮೂವತ್ತು ಸಾವಿರಕ್ಕೂ ಹೆಚ್ಚು ಜನ, ಸಾವಿರಾರು ಮನೆ. ಮಾಮೂಲಿ ದಾರಿ ಯಾವುದು? ಲೋಕೋಪಯೋಗಿ ಇಲಾಖೆ ಟೆಂಡರ್ ಕರೆಯುವುದು, ಗುತ್ತಿಗೆದಾರ ಎಲ್ಲಿಂದಲೋ ಕೂಲಿಗಳನ್ನು ತರುವುದು, ನಿರಾಶ್ರಿತರು ಡೇರೆಯಲ್ಲಿ ಕೂತು ನೋಡುತ್ತಿರುವುದು, ಮುಗಿದ ಮೇಲೆ ಬೀಗದ ಕೈ ತೆಗೆದುಕೊಳ್ಳುವುದು. ಕಮಲಾದೇವಿ ಮತ್ತು ಅವರ ಯೂನಿಯನ್ ಇದಕ್ಕೆ ಅಡ್ಡ ನಿಂತರು. ಮನೆ ಕಟ್ಟಲು ಸರ್ಕಾರ ಖರ್ಚು ಮಾಡುವ ದುಡ್ಡು ಕೂಲಿಯಾಗಿ ಇದೇ ಜನರ ಕೈಗೆ ಹೋಗಬೇಕು ಎಂಬುದು ಅವರ ವಾದ. ಪುಕ್ಕಟೆ ಭತ್ಯೆ ನಿಲ್ಲಲಿ, ಗುತ್ತಿಗೆದಾರ ಬೇಡ, ನಿರಾಶ್ರಿತರ ಕಾರ್ಮಿಕ ಸಹಕಾರ ಸಂಘಗಳೇ ಕೆಲಸ ಹಿಡಿಯಲಿ.

ಎಂಜಿನಿಯರುಗಳಿಗೆ ಇದು ಹಾಸ್ಯಾಸ್ಪದವಾಗಿ ಕಂಡಿತು. ನನಗೂ ಅವರ ಕಷ್ಟ ಅರ್ಥವಾಗುತ್ತದೆ, ಏಕೆಂದರೆ ನನ್ನ ಗೋಡೆ ನಾನು ನೋಡಿದ್ದೇನೆ. ತಕ್ಕಡಿ ಹಿಡಿದ ಕೈ ರಸಮಟ್ಟ ಹಿಡಿದೀತೆ? ಆ ಜನರಿಗೂ ಮೊದಮೊದಲು ಮನಸ್ಸಿರಲಿಲ್ಲ. ಮಣ್ಣು ಹೊರುವುದು, ಇಟ್ಟಿಗೆ ಹೊರುವುದು ತಮ್ಮ ಅಂತಸ್ತಿಗೆ ಕಡಿಮೆ ಎಂಬ ಭಾವನೆ ಇತ್ತು. ಊರಿನಲ್ಲಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಕೂತವರು ಇಲ್ಲಿ ಬಾಂಡ್ಲಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಕಮಲಾದೇವಿಯ ತಂಡ ಭಾಷಣದಿಂದ ಇದನ್ನು ಗೆಲ್ಲಲಿಲ್ಲ. ಡೇರೆ ಡೇರೆಗೆ ಹೋಗಿ ಕೂತು ಮಾತಾಡಿದರು. ಸಂಘದ ಸದಸ್ಯರೇ ತಮ್ಮ ಮುಂದಾಳನ್ನು ಆರಿಸಿದರು, ಕೂಲಿ ಸಂಘದ ಲೆಕ್ಕದಲ್ಲಿ ಬಂತು, ಮಧ್ಯದಲ್ಲಿ ಕಮಿಷನ್ ಹೊಡೆಯುವವನಿರಲಿಲ್ಲ. ಕಲಿಕೆ ಕೆಲಸದ ಜಾಗದಲ್ಲೇ ನಡೆಯಿತು. ಬಂದವರನ್ನು ಮೊದಲ ದಿನವೇ ಗೋಡೆಯ ಮೇಲೆ ಹತ್ತಿಸುವ ಬದಲು ಕೆಲಸ ಬಲ್ಲವರ ಜೊತೆಗೆ ಹಾಕಿದರೆ ಎಷ್ಟು ಬೇಗ ಕಲಿಯುತ್ತಾರೆ ಎಂಬುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ನಮ್ಮ ಭಾನುವಾರದ ತಪ್ಪು ಇದೇ ಇರಬೇಕು. ಅರ್ಧ ಗಂಟೆ ತೋರಿಸಿ ಕರಣೆ ಕೊಟ್ಟುಬಿಟ್ಟರು. ಮೊದಲ ದಿನ ಇಟ್ಟಿಗೆ ನೆನೆಸಲು, ಮಾಲು ಕಲಸಲು, ದಾರ ಹಿಡಿಯಲು ಬಿಟ್ಟಿದ್ದರೆ ಯಾರ ಗೋಡೆಯೂ ಬಾಗುತ್ತಿರಲಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಅವರು ಕಟ್ಟಿದ್ದು ತಾವೇ ಮಲಗುವ ಮನೆ. ಗೋಡೆ ಸೊಟ್ಟಗಾದರೆ ಅದರ ಕೆಳಗೆ ಮಲಗುವವರು ತಮ್ಮದೇ ಮಕ್ಕಳು.

1949ರ ಕೊನೆಗೆ ಶುರುವಾದ ಕೆಲಸದಲ್ಲಿ ಎರಡು ಮೂರು ವರ್ಷದೊಳಗೆ ಐದು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಚಿಕ್ಕ ಚಿಕ್ಕ ಮನೆಗಳು, ಆದರೆ ಪಕ್ಕಾ ಮನೆಗಳು. ರಸ್ತೆ, ಶಾಲೆ, ಆಸ್ಪತ್ರೆ ಕೂಡ ಆದವು. ಗಡಿ ಪ್ರಾಂತ್ಯದ ಜನ ತಮ್ಮ ಆಸ್ಪತ್ರೆಗೆ ಬಾದಶಾ ಖಾನ್ ಹೆಸರಿಟ್ಟುಕೊಂಡರು. ಶಾಲೆಗಳಲ್ಲಿ ಗಾಂಧೀಜಿಯ ನಯೀ ತಾಲೀಮ್ ಪದ್ಧತಿ ತರಲು ಸೇವಾಗ್ರಾಮದಿಂದ ಆಶಾದೇವಿ ಆರ್ಯನಾಯಕಂ ಬಂದರು. ಯುದ್ಧ ಪರಿಹಾರವಾಗಿ ಜರ್ಮನಿಯಿಂದ ಬಂದು ಕಲ್ಕತ್ತಾದಲ್ಲಿ ಸುಮ್ಮನೆ ಬಿದ್ದಿದ್ದ ಡೀಸೆಲ್ ವಿದ್ಯುತ್ ಯಂತ್ರವನ್ನು ತರಿಸಿ, ಇದೇ ನಿರಾಶ್ರಿತರನ್ನು ತರಬೇತಿಗೊಳಿಸಿ ಸುಮಾರು ಹತ್ತು ತಿಂಗಳಲ್ಲಿ ನಿಲ್ಲಿಸಿದರು. ಇಟ್ಟಿಗೆ ಕಲಿತ ಕೈ ಯಂತ್ರಕ್ಕೂ ಹೆದರಲಿಲ್ಲ.

ಊರನ್ನು ಐದು ನೇಬರ್‌ಹುಡ್‌ಗಳಾಗಿ ವಿಂಗಡಿಸಿದ್ದರು. ಆ ಭಾಗವನ್ನು ಈಗಲೂ ಎನ್‌ಐಟಿ ಫರೀದಾಬಾದ್ ಎನ್ನುತ್ತಾರೆ. ಅದು ನಾವು ಜೆಇಇ ಬರೆದು ಕನಸು ಕಾಣುವ ಎನ್‌ಐಟಿ ಅಲ್ಲ, ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್. ನಮ್ಮ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

ಅದೇ ವರ್ಷಗಳಲ್ಲಿ ದೆಹಲಿಯಲ್ಲಿ ಇನ್ನೊಂದು ಪ್ರಯೋಗವೂ ನಡೆದಿತ್ತು. ಅದಕ್ಕೂ ಬೆಂಗಳೂರಿಗೂ ನಂಟಿದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಓಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ನಿರಾಶ್ರಿತರಿಗೆ ಬೇಗ ಮನೆ ಕೊಡಬೇಕೆಂದು ಕಾರ್ಖಾನೆಯಲ್ಲೇ ಗೋಡೆಯ ಹಲಗೆಗಳನ್ನು ಎರಕ ಹೊಯ್ದು ತಂದು ಜೋಡಿಸುವ ಯೋಜನೆ ಶುರುವಾಯಿತು. ಈಗಿನ ಪ್ರಿಕಾಸ್ಟ್ ತಂತ್ರಜ್ಞಾನದ ಅಜ್ಜ ಅದು. ಹಲಗೆಗಳು ಸರಿ ಬರಲಿಲ್ಲ, ಯೋಜನೆ ಕೈಕೊಟ್ಟಿತು, ಸಂಸತ್ತಿನಲ್ಲಿ ಗದ್ದಲವಾಯಿತು, 1951ರಲ್ಲಿ ಅವರು ದೇಶ ಬಿಟ್ಟರು. ಕೋನಿಗ್ಸ್‌ಬರ್ಗರ್ ಸಾಮಾನ್ಯರಲ್ಲ, ಭುವನೇಶ್ವರದ ನಕ್ಷೆ ಬರೆದವರು, ಮುಂದೆ ಲಂಡನ್ನಿನಲ್ಲಿ ದೊಡ್ಡ ಗುರುಗಳಾದರು. ತಂತ್ರಜ್ಞಾನ ತಪ್ಪು ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ನಮ್ಮ ಮೇಷ್ಟರು ಇಂಟರ್ನಲ್ಸ್‌ನಲ್ಲಿ ನೋಡಿಕೊಳ್ಳುತ್ತಾರೆ. ಆದರೆ ಯಂತ್ರ ಎಡವಿದ ಹೊತ್ತಿನಲ್ಲಿ, ಅಷ್ಟು ಹತ್ತಿರದಲ್ಲೇ, ಅಂಗಡಿ ಕಳೆದುಕೊಂಡವರು ಕೈಯಿಂದ ಒಂದು ಊರು ಕಟ್ಟಿದರು ಎಂಬುದನ್ನು ನಮ್ಮ ಸಿಲೆಬಸ್ಸಿನಲ್ಲಿ ಎಲ್ಲಾದರೂ ಒಂದು ಸಾಲು ಹೇಳಬಹುದಿತ್ತು.

ಕಥೆ ಇಲ್ಲಿಗೆ ಸುಖಾಂತ್ಯವಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ಮನೆಗಳ ಕೆಲಸ ಮುಗಿಯುತ್ತಾ ಬಂದಂತೆ ಸಾವಿರಾರು ಜನರಿಗೆ ಮುಂದೇನು ಎಂಬ ಪ್ರಶ್ನೆ ಎದ್ದಿತು. ಕಟ್ಟಡ ಕೆಲಸ ಕಲಿತದ್ದೇನೋ ಆಯಿತು, ಕಟ್ಟಲು ಇನ್ನೊಂದು ಊರು ಬೇಕಲ್ಲ. ಸಹಕಾರಿ ಕೈಗಾರಿಕೆಗಳನ್ನು ಬೆಳೆಸುವ ಯೋಚನೆ ಕಮಲಾದೇವಿಯ ಬಳಗಕ್ಕಿತ್ತು. ಆದರೆ ನಿಧಾನವಾಗಿ ಎಲ್ಲವೂ ಪುನರ್ವಸತಿ ಇಲಾಖೆಯ ಕಡತಗಳ ಒಳಗೆ ಹೋಯಿತು. ಮಂಡಳಿಯ ಕಾಲ ಮುಗಿಯಿತು. ಸಹಕಾರ ಸಂಘಗಳು ಸೊರಗಿದವು. ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹಿಂದೆ ಸರಿಯಿತು. ಖಾಸಗಿ ಕಾರ್ಖಾನೆಗಳು ಬಂದವು, ಫರೀದಾಬಾದ್ ದೊಡ್ಡ ಕೈಗಾರಿಕಾ ನಗರವಾಯಿತು. ಅಲ್ಲಿ ಕೆಲಸ ಸಿಕ್ಕವರಿಗೆ ಸಿಕ್ಕಿತು. ತಾವೇ ನಡೆಸುವ ಊರು ಎಂಬ ಕನಸು ಮಾತ್ರ ಉಳಿಯಲಿಲ್ಲ. ಇದಕ್ಕೆ ಇಲಾಖೆಯೊಂದನ್ನೇ ಬೈದರೆ ಸಾಕೇ ಎಂದು ನಾನು ಯೋಚಿಸಿದ್ದೇನೆ. ಮನೆ ಕಟ್ಟುವುದನ್ನು ಕಲಿಸುವುದು ಒಂದು ಕಷ್ಟ, ಕಲಿತವರಿಗೆ ನಾಡಿದ್ದು ಕೆಲಸ ಹುಡುಕುವುದು ಅದಕ್ಕಿಂತ ದೊಡ್ಡ ಕಷ್ಟ. ಬಿಇ ಮುಗಿಸಿ ಕೂತಿರುವ ನಮ್ಮ ಸೀನಿಯರ್‌ಗಳನ್ನು ಕೇಳಿ ನೋಡಿ.

ಕಮಲಾದೇವಿ ಆ ಕಷ್ಟವನ್ನು ಬಿಡಲಿಲ್ಲ ಎನ್ನುವುದೇ ನನಗೆ ಹೆಚ್ಚು ಹಿಡಿಸಿದ್ದು. ಕೈಯಲ್ಲಿ ಕೆಲಸ ಇದ್ದೂ ಮಾರುಕಟ್ಟೆ ಇಲ್ಲದವರು ಯಾರು ಎಂದು ನೋಡಿದರೆ ದೇಶದ ತುಂಬ ಕುಶಲಕರ್ಮಿಗಳು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಸುಮಾರು ಎರಡು ದಶಕ ಆ ಕೆಲಸ ಮಾಡಿದರು. ಅದೇ ಕೋಆಪರೇಟಿವ್ ಯೂನಿಯನ್ ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸಲು ತೆಗೆದುಕೊಂಡಿತು. ಮಾಡುವವನಿಗೆ ಮಾರುವ ಜಾಗ ಬೇಕು ಎಂಬ ಪಾಠ ಫರೀದಾಬಾದಿನಿಂದ ಬಂದದ್ದಿರಬೇಕು. ಹಳ್ಳಿ ಹಳ್ಳಿ ಸುತ್ತಿ ನೇಕಾರರು, ಕುಂಬಾರರು, ಕಂಚುಗಾರರು, ಗೊಂಬೆ ಮಾಡುವವರನ್ನು ಕಂಡರು, ಎಲ್ಲವನ್ನೂ ಬರೆದಿಟ್ಟರು. 1964ರಲ್ಲಿ ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ. ನಾಟಕ, ಸಂಗೀತ, ನೃತ್ಯದ ಸಂಸ್ಥೆಗಳ ಹಿಂದೆಯೂ ಅವರ ಕೈ ಇದೆ. ಅದೇ 1964ರಲ್ಲಿ ದೆಹಲಿಯಲ್ಲಿ ಮಾಯಾ ರಾವ್ ಅವರೊಡನೆ ಶುರುಮಾಡಿಸಿದ ನಾಟ್ಯ ಸಂಸ್ಥೆ 1987ರಲ್ಲಿ ಬೆಂಗಳೂರಿಗೆ ಬಂತು. ಮಲ್ಲೇಶ್ವರದಲ್ಲಿ ಕಥಕ್ ಕಲಿತ ನನ್ನ ಅಕ್ಕನಿಗೂ ಆ ಸಂಸ್ಥೆಯ ಹಿಂದೆ ಯಾರಿದ್ದರು ಎಂಬುದು ಗೊತ್ತಿರಲಿಲ್ಲ.

ಪದ್ಮಭೂಷಣ 1955ರಲ್ಲಿ, ಮ್ಯಾಗ್ಸೆಸೆ 1966ರಲ್ಲಿ, ಪದ್ಮವಿಭೂಷಣ 1987ರಲ್ಲಿ. ಪರೀಕ್ಷೆಗೆ ಓದುವವರು ಗುರುತು ಹಾಕಿಕೊಳ್ಳಿ. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಬಾಂಬೆಯಲ್ಲಿ ತೀರಿಕೊಂಡರು. ಎಂಬತ್ತೈದು ವರ್ಷ ಬದುಕಿದ್ದರು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು.

ಮನೆಯಲ್ಲಿ ಈಗ ಒಂದು ಚರ್ಚೆ ನಡೆದಿದೆ. ಅಪ್ಪನಿಗೆ ನಾನು ಕೋಡಿಂಗ್ ಕಲಿತು ಐಟಿ ಕಂಪನಿಗೆ ಹೋಗಲಿ ಎಂದು ಆಸೆ. ಸಿವಿಲ್‌ನಲ್ಲಿ ಸೈಟಿಗೆ ಹೋದರೆ ಬಿಸಿಲು, ಧೂಳು, ಕಡಿಮೆ ಸಂಬಳ ಎನ್ನುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಮಣ್ಣು ಹೊರಲು ಹಿಂಜರಿದ ಗಡಿ ಪ್ರಾಂತ್ಯದ ಅಂಗಡಿಯವರ ಮಾತೂ ಸುಳ್ಳಾಗಿರಲಿಲ್ಲ. ನಾನು ಇನ್ನೂ ಏನೂ ತೀರ್ಮಾನಿಸಿಲ್ಲ. ಕೋಡಿಂಗ್ ಕ್ಲಾಸಿಗೂ ಹೋಗುತ್ತಿದ್ದೇನೆ.

ಹೋದ ಭಾನುವಾರ ಮತ್ತೆ ಆ ಸೈಟಿಗೆ ಹೋದೆ. ಈ ಸಲ ಹನ್ನೆರಡು ಜನರಲ್ಲಿ ಬಂದವರು ಮೂವರೇ. ಟೀ ಶರ್ಟ್ ಹಾಕಿಕೊಳ್ಳಲಿಲ್ಲ. ಗೋಡೆಯ ಹತ್ತಿರ ಹೋಗದೆ ಮೇಸ್ತ್ರಿಯ ಹತ್ತಿರ ಹೋಗಿ ಇಟ್ಟಿಗೆ ನೆನೆಸುವ ಕೆಲಸ ಕೊಡಿ ಎಂದು ಕೇಳಿದೆ. ಆತ ನನ್ನ ಮುಖ ನೋಡಿ ನಕ್ಕು, ಡ್ರಮ್ಮು ತೋರಿಸಿದ. ಆ ಮನೆಗೆ ಬರುವ ತಾಯಿ ಮೊದಲೇ ಅಲ್ಲಿ ನಿಂತು ಇಟ್ಟಿಗೆ ಅದ್ದುತ್ತಿದ್ದರು. ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟರು. ಅದ್ದಿದ ಇಟ್ಟಿಗೆಯಿಂದ ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಬೇಕು ಎಂದು ಅವರೇ ಹೇಳಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಮೇಸ್ತ್ರಿ ಗುಂಡು ಇಳಿಬಿಟ್ಟು ನೋಡಿ, ದಾರದ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದ.